ಪ್ರೆಸ್ಸಿನಣ್ಣ ಕೇಳಿದ ನಾಲ್ಕು ಸಾಲು

ಅವರ ಬಲಗೈ ಹೆಬ್ಬೆರಳ ಉಗುರು ಸೀಸದ ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಪುತ್ತೂರಿನ ಪುಟ್ಟ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಅವರನ್ನು ಎಲ್ಲರೂ ಪ್ರೆಸ್ಸಿನಣ್ಣ ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು; ಎರಡು ಕವನ ಅಚ್ಚಾದ ಮೇಲೆ ಕಾಲು ನೆಲದ ಮೇಲೆ ನಿಲ್ಲದವನು.

ಮದುವೆ ಕಾಗದದ ಒಕ್ಕಣೆಯನ್ನು ಅಚ್ಚಾದ ಮೇಲೂ ಅವರು ಬಿಚ್ಚುತ್ತಲೇ ಇರಲಿಲ್ಲ. ಜೋಡಿಸಿದ ಮೊಳೆಗಳಿಗೆ ನೂಲು ಸುತ್ತಿ ಹಲಗೆಯ ಮೇಲಿಟ್ಟಿರುತ್ತಿದ್ದರು. ಹೊಸ ಮದುವೆ ಬಂದರೆ ಹೆಸರು, ದಿನ, ಸ್ಥಳ ಕಿತ್ತು ಬೇರೆ ಕೂರಿಸುವುದು, ಅಷ್ಟೇ. "ಮದುವೆ ಎಲ್ಲರದ್ದೂ ಒಂದೇ ಅಲ್ವಾ ಮಾರಾಯ್ರೆ, ಹುಡುಗ ಹುಡುಗಿ ಮಾತ್ರ ಬೇರೆ," ಎನ್ನುತ್ತಿದ್ದರು.

ಒಂದು ದಿನ ಗಿರಾಕಿಗಳ ಎದುರು ನನ್ನ ಪಾಂಡಿತ್ಯ ಬಿಚ್ಚಿದೆ. "ಇದಕ್ಕೆ ಇಂಗ್ಲಿಷಿನಲ್ಲಿ ಕ್ಲೀಷೆ ಅಂತ ಹೆಸರುಂಟು. ಹಿಂದೆ ಫ್ರಾನ್ಸಿನ ಪ್ರೆಸ್ಸುಗಳಲ್ಲಿ ಪದೇ ಪದೇ ಬೇಕಾದದ್ದನ್ನು ಒಂದೇ ತಗಡಾಗಿ ಎರಕ ಹೊಯ್ದು ಇಡ್ತಿದ್ರು. ಅಚ್ಚು ಕಾದ ಸೀಸಕ್ಕೆ ಬಡಿಯುವ ಸದ್ದೇ ಆ ಶಬ್ದವಂತೆ. ಈಗ ಹಳಸಿದ ಮಾತಿಗೆಲ್ಲ ಅದೇ ಹೆಸರು. ನಿಮ್ಮ ಹಲಗೆಯಲ್ಲಿ ಇರುದು ಪೂರಾ ಅದೇ!"

ಗಿರಾಕಿಗಳು ನಕ್ಕರು. ಪ್ರೆಸ್ಸಿನಣ್ಣನ ಮುಖ ಅರಳಿತು. "ಹೌದಾ ಮಾಸ್ಟ್ರೇ? ನಮ್ಮ ಕೆಲಸದಿಂದ ಇಂಗ್ಲಿಷಿಗೆ ಒಂದು ಶಬ್ದ ಹೋಗಿದೆಯಾ!" ಛೇ, ಆಗಲೇ ನನಗೆ ನಾಚಿಕೆಯಾಗಬೇಕಿತ್ತು.

ಮರುವರ್ಷ ಅವರ ಮಗಳಿಗೆ ಸಂಬಂಧ ಕೂಡಿಬಂತು. "ಊರಿಗೆಲ್ಲ ಹಳಸಿದ್ದೇ ಬಡಿಸಿದೆ ಮಾಸ್ಟ್ರೇ. ಮಗಳ ಕಾಗದಕ್ಕೆ ನೀವು ನಾಲ್ಕು ಸಾಲು ಹೊಸತು ಬರೆದುಕೊಡ್ಬೇಕು," ಎಂದರು. ನನ್ನ ಮಾತು ಅವರಿಗೆ ತಾಗಿತ್ತೆಂದು ಆಗ ತಿಳಿಯಿತು. ಒಪ್ಪಿದೆ. ಒಪ್ಪಿ, ಇವತ್ತು ನಾಳೆ ಎಂದು ಸತಾಯಿಸಿದೆ. "ಎಂತ ಆಯ್ತು ಮಾಸ್ಟ್ರೇ?" ಎಂದು ಮೂರು ಸಲ ಮನೆಗೆ ಬಂದರು. ಮೂರು ಸಲವೂ ಚಹಾ ಕುಡಿಸಿ ಕಳಿಸಿದೆ. ಒಂದಕ್ಷರ ಬರೆದಿರಲಿಲ್ಲ.

ಮದುವೆಗೆ ಎಂಟೇ ದಿನ ಉಳಿದಾಗ ಅವರು ಹಳೆಯ ಒಕ್ಕಣೆಯನ್ನೇ ಎಳೆದುಕೊಂಡು ಗಡಿಬಿಡಿಯಲ್ಲಿ ಹೆಸರು, ದಿನ ಬದಲಿಸಿದರು. ಸ್ಥಳ ಮರೆತರು. ಹಿಂದಿನ ಯಾರದೋ ಮದುವೆಯ ಕಡಬದ ಸಭಾಭವನ ಹಾಗೇ ಉಳಿಯಿತು; ಈ ಮದುವೆ ಪುತ್ತೂರಿನಲ್ಲಿ. ಊರವರಿಗೆ ಅದು ಬಾಯಿಮಾತಿನಲ್ಲೇ ಗೊತ್ತಿದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಹತ್ತಿರದವರಿಗೆ ಮನೆಗೇ ಹೋಗಿ ಹೇಳಿಕೆ ಕೊಟ್ಟು ಕರೆಯುವುದು ನಮ್ಮ ಕಡೆಯ ಕ್ರಮ. ಅದಕ್ಕೂ ಪುರುಸೊತ್ತಿಲ್ಲದೆ, ಮಗಳನ್ನು ಸಾಕಿದ ಇಚಿಲಂಪಾಡಿಯ ಅಜ್ಜಿಗೂ ಕಾಗದ ಅಂಚೆಯಲ್ಲೇ ಹೋಯಿತು.

ಅಜ್ಜಿ ಜೀಪಿನಲ್ಲಿ ಕಡಬಕ್ಕೆ ಹೋಗಿ, ಬೀಗ ಹಾಕಿದ ಬಾಗಿಲೆದುರು ನಿಂತರಂತೆ. ಪುತ್ತೂರು ತಲುಪುವಾಗ ಧಾರೆ ಮುಗಿದಿತ್ತು. "ನನ್ನನ್ನು ಕಾಯಲಿಲ್ವಾ ಮಗಾ?" ಎಂದು ಮೊಮ್ಮಗಳ ಕೈಹಿಡಿದು ಅತ್ತರು. "ತಪ್ಪು ನನ್ನದೇ," ಎಂದು ಪ್ರೆಸ್ಸಿನಣ್ಣ ಎಲ್ಲರಿಗೂ ಕೈಮುಗಿದರು. ನನ್ನ ಹೆಸರೆತ್ತಲಿಲ್ಲ. ನಾನು ತಲೆತಗ್ಗಿಸಿ ಪಾಯಸ ಉಂಡು ಬಂದೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಮಗಳು ಹತ್ತಿರ ಬಂದಳು.

"ಮಾಸ್ಟ್ರೇ, ನನ್ನ ಮದುವೆಗೆ ನೀವು ಚಂದ ಬರೆದುಕೊಟ್ಟಿದ್ರಂತೆ. ತಾನೇ ಎಲ್ಲೋ ಕಳೆದುಹಾಕಿದೆ ಅಂತ ಅಪ್ಪ ಕೊನೆವರೆಗೂ ಹೇಳ್ತಿದ್ರು. ಎಂತ ಬರೆದದ್ದು, ಒಮ್ಮೆ ಹೇಳ್ತೀರಾ?"

"ನೆನಪಿಲ್ಲ ಮಗಾ," ಎಂದೆ.