ಹೊಳ್ಳಿಸುವ ಕೂಗು

ಬೆಳಗಾವಿಯ ಆಟೋ ನಗರದಿಂದ ಬಂಪರು, ಸೈಲೆನ್ಸರು ತುಂಬಿಕೊಂಡು ಖಾನಾಪುರ, ಹಳಿಯಾಳ ದಾಟಿ ದಾಂಡೇಲಿಯವರೆಗೆ ಟೆಂಪೊ ಓಡಿಸುವ ಮೈಲಾರಲಿಂಗನಿಗೆ ಒಳ್ಳೆಯ ದನಿಯಿದೆ. ಇದನ್ನು ನಾನು ಬರೆದು ತಿಳಿಸಬೇಕಾಗಿ ಬಂದದ್ದೇ ಈ ಊರಿಗೆ ನಾಚಿಕೆ. ಅವನ ಗೆಳೆಯ ಬಸವಪ್ರಸಾದನಿಗಿರುವುದು ಅರ್ಧ ದನಿ. ಆದರೆ ಅಪ್ಪನದು ಬೆಳಗಾವಿಯಲ್ಲಿ ಬಟ್ಟೆ ಅಂಗಡಿ, ಅಂಗಡಿಯ ಮೇಲೊಂದು ಖಾಲಿ ಕೋಣೆ, ಕೋಣೆಯಲ್ಲಿ ಗಿಟಾರು. ಅಲ್ಲಿ ಕನ್ನಡದ ಎಂಟು ಹಾಡುಗಳ ಕಂಟ್ರಿ ರಾಕ್ ಆಲ್ಬಮ್ ತಯಾರಾಯಿತು.

"ಕಂಟ್ರಿ ಅಂದ್ರ ಕುಡಿಯೂದಲ್ಲೇನಲೇ?" ಎಂದು ಮೈಲಾರಲಿಂಗ ಕುಟುಕಿದ.

"ಕೇಳಿ ನೋಡು, ಏರತೈತಿ," ಎಂದ ಬಸವಪ್ರಸಾದ, ಹಾಡುಗಳನ್ನು ಅವನ ಫೋನಿಗೆ ಹಾಕುತ್ತ. "ನಾಳೆ ಬಿಡ್ತೀವಿ. ಕುರಿ ಹಾಡಿನ್ಯಾಗ ತಪ್ಪಿದ್ರ ಸಂಜಿಯೊಳಗ ಹೇಳು. ಕುರಿ ಕಾಯ್ದ ಮನಿತನದಾವ ನೀನ."

ಅವತ್ತು ಮೈಲಾರಲಿಂಗನ ಹೆಂಡತಿ ಪ್ರಮಿಳಾ ನಂದಗಡದ ತವರಿಗೆ ಹೊರಟು ಟೆಂಪೊದ ಬಾಜೂ ಸೀಟಿನಲ್ಲಿ ಕುಳಿತಿದ್ದಳು. ದೇಸೂರು ದಾಟುವಷ್ಟರಲ್ಲಿ ಫೋನಿನ ಹಾಡಿಗೆ ಅವಳ ಬೆರಳು ಬಾಗಿಲಿನ ಮೇಲೆ ತಾಳ ಹಾಕತೊಡಗಿತು.

"ಚೊಲೊ ಹಾಡ್ಯಾನ ಬಿಡ್ರಿ ಪ್ರಸಾದಣ್ಣ."

"ಮೂಗಿನ್ಯಾಗ ಹಾಡ್ಯಾನ."

"ಇದನ್ನ ಹಂಗ ಹಾಡಬೇಕೇನೊ. ಇನ್ನೊಮ್ಮೆ ಹಚ್ರಿ."

ಹಚ್ಚಿದ. ಮದುವೆಯಾಗಿ ಒಂಬತ್ತು ವರ್ಷ, ತಾನು ಹಾಡುವಾಗ ಇವಳು ಅಕ್ಕಿ ಆರಿಸುತ್ತಿದ್ದಳೇ ಹೊರತು ಇನ್ನೊಮ್ಮೆ ಎಂದವಳಲ್ಲ. ಮೂರನೇ ಗೇರಿನಲ್ಲಿ ಹೋಗಬೇಕಾದ ಏರನ್ನು ಎರಡರಲ್ಲಿ ಒದರಿಸಿಕೊಂಡು ಹತ್ತಿಸಿದ.

ನಾಲ್ಕನೆಯದು ಕುರಿಯ ಹಾಡು. ಹಿಂಡು ಹೊರಟಿದೆ, ಗಿಟಾರು ಓಡುತ್ತಿದೆ, ನಡುವೆ ಬಸವಪ್ರಸಾದನ ಕೂಗು. ಕುರಿಯನ್ನು ಮುಂದೆ ನಡೆಸಲು ತುಂಡು ತುಂಡಾಗಿ ಕೂಗಬೇಕು. ಕೊನೆಯಲ್ಲಿ ಎಳೆದರೆ ಹಿಂಡು ಹೊಳ್ಳಿ ಹಿಂದಕ್ಕೆ ಬರುತ್ತದೆ. ಇವನು ಎಳೆದೇ ಎಳೆದಿದ್ದ. ಮುಂದ ನಡಿ ಎನ್ನುತ್ತ ಹಿಂದಕ್ಕೆ ಕರೆದಿದ್ದ. ಮೈಲಾರಲಿಂಗನ ಹೊಟ್ಟೆ ತಣ್ಣಗಾಯಿತು. ನಾಳೆ ಕುರಿಗಾರರೆಲ್ಲ ನಗುತ್ತಾರೆ.

ಖಾನಾಪುರದಲ್ಲಿ ಚಹಾಕ್ಕೆ ನಿಂತಾಗ ಬಸವಪ್ರಸಾದನ ಫೋನು ಬಂತು.

"ಕುರಿ ಹಾಡು ಕೇಳಿದೇನು? ತಪ್ಪೇನರ ಐತೇನು?"

"ಎಲ್ಲಾ ಬರೋಬರಿ ಐತಿ. ಬಿಟ್ಟ ಬಿಡು ನಾಳೆ."

ಇಲ್ಲಿ ನನಗೆ ಮೈಲಾರಲಿಂಗನ ಮೇಲೂ ಸಿಟ್ಟು. ಅವನಿಗೆ ಕೋಣೆ ಸಿಗಲಿಲ್ಲ, ಗಿಟಾರು ಸಿಗಲಿಲ್ಲ, ಅದು ಅನ್ಯಾಯ, ನೂರು ಸಲ ಬರೆಯುತ್ತೇನೆ. ಆದರೆ ನಂಬಿ ಕೇಳಿದವನನ್ನು ಗುಂಡಿಗೆ ದಬ್ಬಿದರೆ ಆ ಅನ್ಯಾಯ ಎಳ್ಳಷ್ಟಾದರೂ ಕರಗಿತೇ?

ಪ್ರಮಿಳಾ ಕಪ್ಪು ಕೆಳಗಿಟ್ಟಳು. "ಅದು ಹೊಳ್ಳಸೂ ಕೂಗಲ್ಲೇನ್ರಿ?"

"ಇರಬಹುದು."

"ಇರಬಹುದಂತ. ನಮ್ಮಪ್ಪನ ಕುರಿ ಹಿಂದ ಅಡ್ಡಾಡಿದಾಕಿ ನಾ. ಗೊತ್ತಿದ್ದೂ ಬರೋಬರಿ ಅಂದ್ರಿ."

"ಹಾಡು ಯಾರದು? ನನ್ನದೇನು?"

"ಹೊಟ್ಟಿಕಿಚ್ಚು ನಿಮ್ಮದು. ತರ್ರಿ ಇಲ್ಲೆ ಫೋನ."

ಅವಳೇ ಬಸವಪ್ರಸಾದನಿಗೆ ಹಚ್ಚಿ ತಪ್ಪನ್ನು ಹೇಳಿದಳು. ಅವನು ಅತ್ತಿಗೆಯನ್ನೇ ಕೇಳಿದ. "ಹಂಗಾರ ಹೆಂಗ ಕೂಗೂದು ವೈನಿ? ರೆಕಾರ್ಡ್ ಮಾಡಿ ಕಳಸ್ರಿ."

ಪ್ರಮಿಳಾ ಗಾಡಿಯೊಳಗೆ ಕುಳಿತು ಗಾಜು ಏರಿಸಿ ಕೂಗಿದಳು. ಗಾಜು ಏರಿಸಿದ್ದರೂ ಹೋಟೆಲಿನವರೆಲ್ಲ ತಿರುಗಿ ನೋಡಿದರು. ಅರ್ಧ ಗಂಟೆಯಲ್ಲಿ ಬಸವಪ್ರಸಾದನ ಉತ್ತರ ಬಂತು: ತನ್ನ ಕೂಗು ತೆಗೆದು ವೈನಿಯದನ್ನೇ ಹಾಕುತ್ತೇನೆ.

ಆಲ್ಬಮ್ ಹೊರಬಂದಿದೆ. ಅದರಲ್ಲಿ ಪ್ರಮಿಳಾಳ ದನಿಯಿದೆ, ಹೆಸರೂ ಇದೆ. ನಂದಗಡದ ಸಂತೆಯಲ್ಲಿ ಮೈಲಾರಲಿಂಗನನ್ನು ಕಂಡವರು "ನೀ ಪ್ರಮಿಳಾನ ಗಂಡ ಅಲ್ಲೇನು?" ಎನ್ನುತ್ತಾರೆ. ಕೋಣೆಯಿದ್ದವನನ್ನು ಬೈದುಕೊಂಡು ಇರಬಹುದಿತ್ತು. ಒಂದೇ ಒಲೆಯ ಮುಂದೆ ಉಣ್ಣುವವಳನ್ನು ಹೇಗೆ ಬೈಯುವುದು?

ಮೊನ್ನೆ ಅವನ ಟೆಂಪೊದಲ್ಲಿ ಖಾನಾಪುರಕ್ಕೆ ಹೋದೆ. ಅದೇ ಆಲ್ಬಮ್ ಹಚ್ಚಿದ. ಮೂರನೆಯ ಹಾಡು ಮುಗಿದದ್ದೇ ಐದಕ್ಕೆ ಹಾರಿಸಿದ.

"ನಾಲ್ಕನೇದ್ ಯಾಕ ಬಿಟ್ಟಿ?" ಎಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಕೂಗು ಇನ್ನೊಂಚೂರು ತುಂಡ ಬರಬೇಕಿತ್ತರಿ," ಎಂದ.