ಕಿವಿಯಣ್ಣನ ವರದಿ

ನನ್ನ ಗಂಡನನ್ನು ಅವರ ಆಫೀಸಿನಲ್ಲಿ ಎಲ್ಲರೂ ಕಿವಿಯಣ್ಣ ಅಂತಲೇ ಕರೆಯುವುದು. ಹಾಗಂತ ಅವರ ಕಿವಿಗಳೇನೂ ಮೊರದಗಲ ಇಲ್ಲ. ಕೆಟ್ಟ ಲ್ಯಾಪ್‌ಟಾಪು ಕೈಗೆ ಬಂದರೆ ಅವರು ತಕ್ಷಣ ಬಿಚ್ಚುವವರಲ್ಲ. ಕನ್ನಡಕ ತೆಗೆದಿಟ್ಟು, ಅದರ ತಳಕ್ಕೆ ಎಡಗಿವಿ ಒತ್ತಿ, ಕಣ್ಣು ಮುಚ್ಚಿ ಕೂರುತ್ತಾರೆ. ಒಳಗಿನ ಫ್ಯಾನು ಎಲ್ಲಿ ಉಜ್ಜುತ್ತಿದೆ, ಡಿಸ್ಕು ಇನ್ನೆಷ್ಟು ವಾರ ಬಾಳುತ್ತದೆ, ಎಲ್ಲ ಅಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆಯೇ ಸ್ಕ್ರೂಡ್ರೈವರು. ಇಪ್ಪತ್ತಾರು ವರ್ಷ ಆ ಒಂದು ಕಿವಿಯ ಮೇಲೆಯೇ ನಮ್ಮ ಸಂಸಾರ ನಡೆದಿದೆ.

ನಾನು ಅವರನ್ನು ಮೊದಲು ನೋಡಿದ್ದೂ ಅದೇ ಅವತಾರದಲ್ಲಿ. ಆಗ ನಾನು ಒಬ್ಬರು ಕಣ್ಣಿನ ಡಾಕ್ಟರ ಹತ್ತಿರ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದೆ. ನಮ್ಮ ಕಂಪ್ಯೂಟರು ಮುಷ್ಕರ ಹೂಡಿತ್ತು. ಕಡ್ಡಿಯಂತಿದ್ದ ಒಬ್ಬ ಹುಡುಗ ಬಂದ, ನೆಲಕ್ಕೆ ಮಂಡಿಯೂರಿದ, ಡಬ್ಬಿಗೆ ಕಿವಿ ಹಚ್ಚಿದ. ಕಾಯುತ್ತಿದ್ದ ರೋಗಿಗಳೆಲ್ಲ ಪಿಳಿಪಿಳಿ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

"ಉಸಿರಾಡ್ತಾ ಇದ್ಯಾ?" ಅಂತ ಕೇಳಿದೆ.

"ಆಡ್ತಾ ಇದೆ. ಮೂಗು ಕಟ್ಟಿದೆ ಅಷ್ಟೆ," ಅಂದರು, ಕಣ್ಣೂ ಬಿಡದೆ.

ಆ ಮಾತಿಗೆ ಬಿದ್ದವಳು ನಾನು, ಇನ್ನೂ ಎದ್ದಿಲ್ಲ. ಅದಿರಲಿ.

ಅವರ ಕಂಪನಿಯದು ಲಿಫ್ಟ್ ತಪಾಸಣೆಯ ಕೆಲಸ. ನಲವತ್ತೆರಡು ಜನ ಇನ್ಸ್‌ಪೆಕ್ಟರುಗಳು ಬೆಳಗಾದರೆ ಲ್ಯಾಪ್‌ಟಾಪು ಬಗಲಿಗೇರಿಸಿ ಊರೆಲ್ಲ ಅಲೆಯುತ್ತಾರೆ. ಲಿಫ್ಟಿನ ಕೆಳಗಿನ ಹಳ್ಳದ ಧೂಳು, ಗ್ರೀಸು, ಮೆಟ್ಟಿಲ ಮೇಲೆ ಬೀಳುವುದು, ಎಲ್ಲವನ್ನೂ ಆ ಬಡಪಾಯಿ ಯಂತ್ರಗಳು ಸಹಿಸಬೇಕು. ಸಹಿಸದವು ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ನನ್ನ ಗಂಡನ ಕೋಣೆಗೆ ಬರುತ್ತಿದ್ದವು. ಒಂದು ಮೇಜು, ಒಂದು ದೀಪ, ಸ್ಕ್ರೂ ತುಂಬಿದ ಹದಿನಾರು ಸಣ್ಣ ಡಬ್ಬಿಗಳು. ಸದಾ ಆರೇಳು ಯಂತ್ರ ಒಟ್ಟಿಗೆ ಓಡುತ್ತಾ ಗುಂಯ್‌ಗುಡುತ್ತಿದ್ದವು. ಅಲ್ಲಿ ಕೂತು ಮಾತಾಡಬೇಕೆಂದರೆ ನಾನು ಗಂಟಲು ಹರಿದುಕೊಳ್ಳಬೇಕಿತ್ತು.

ಅವರು ಮೂರು ತಲೆಮಾರಿನ ಲ್ಯಾಪ್‌ಟಾಪು ಕಂಡವರು. ಮೊದಲನೆಯದಕ್ಕೆ ಇಟ್ಟಿಗೆ ಅಂತ ಹೆಸರಿಟ್ಟಿದ್ದರು. ಅದರಿಂದ ಗೋಡೆ ಕಟ್ಟಬಹುದಿತ್ತು. ಎರಡನೆಯದು ಕೆಮ್ಮಪ್ಪ. ಗುಂಡಿ ಒತ್ತಿ ಐದು ಎಣಿಸುವವರೆಗೂ ಬಿಡಬಾರದು, ಆಗ ಎರಡು ಸಲ ಕೆಮ್ಮಿ ಏಳುತ್ತಿತ್ತು. ಮೂರನೆಯದು ಮೊನ್ನೆ ಮೊನ್ನೆಯವರೆಗೂ ಓಡುತ್ತಿದ್ದದ್ದು, ಕುಕ್ಕರು. ಹತ್ತು ನಿಮಿಷ ಕೆಲಸ ಮಾಡಿದರೆ ತೊಡೆ ಸುಡುತ್ತಿತ್ತು, ಫ್ಯಾನು ಬಡಿದುಕೊಳ್ಳುತ್ತಿತ್ತು.

ಹೋದ ವರ್ಷ ಒಂದು ಸೋಮವಾರ ಸಂಜೆ ಬಂದವರ ಕೈಯಲ್ಲಿ ಬಿಳಿ ಪೆಟ್ಟಿಗೆ. ಮುಖ ನೋಡಿದರೆ ಯಾರದೋ ಮಗುವನ್ನು ತಪ್ಪಿ ಎತ್ತಿಕೊಂಡು ಬಂದವರ ಹಾಗೆ.

"ಏನ್ರೀ ಅದು?"

"ಹೊಸ ಮಾದರಿ. ಒಂದು ವಾರ ಇಟ್ಕೊಂಡು ನೋಡಿ, ಹಳೇದಕ್ಕೆ ಹೋಲಿಸಿ, ಮೊದಲ ಅನಿಸಿಕೆ ಬರೆದುಕೊಡಿ ಅಂದ್ರು ಮ್ಯಾನೇಜರಮ್ಮ. ನಾನು ಹೂಂ ಅಂದ್ರೆ ನಲವತ್ತೆರಡು ಬರುತ್ತೆ. ಬೇಡ ಅಂದ್ರೆ ಹಳೇದೇ ಇನ್ನೂ ಎರಡು ವರ್ಷ."

"ಹೂಂ ಅಂದ್ರೆ ನಿಮ್ಮ ಕೋಣೆ?"

ಅವರು ಬೂಟಿನ ಲಾಡಿ ಬಿಚ್ಚುತ್ತಾ ಕೂತರು. "ಇದರ ಜೊತೆ ಇದನ್ನ ಮಾಡಿದ ಕಂಪನಿಯವರದೇ ರಿಪೇರಿ ಬರುತ್ತೆ. ಕೆಟ್ರೆ ಪೆಟ್ಟಿಗೆಗೆ ಹಾಕಿ ಕಳಿಸೋದು, ಎರಡು ದಿನಕ್ಕೆ ವಾಪಸ್. ಕೋಣೆ ವಿಷಯ ಆಮೇಲೆ ನೋಡೋಣ ಅಂದ್ರು."

ಆಮೇಲೆ ನೋಡೋಣ ಅಂದರೆ ಏನರ್ಥ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ನಿವೃತ್ತಿಗೆ ಇನ್ನೂ ಐದು ವರ್ಷ ಇತ್ತು. ಐವತ್ತೈದರ ಮನುಷ್ಯನಿಗೆ ಬೇರೆ ಯಾರು ಕೋಣೆ ಕೊಡುತ್ತಾರೆ? ನಾನು ಮನೆಯಲ್ಲೇ ಪರದೆ ಹೊಲಿಯುವವಳು. ಅವತ್ತು ಒಂದು ಕಿಟಕಿಯ ಪರದೆಗೆ ಎರಡು ಸಲ ತಪ್ಪು ಅಳತೆ ಹಿಡಿದೆ.

ವರದಿಯ ಹಾಳೆಯಲ್ಲಿ ಆರು ಸಾಲು: ತೂಕ, ಪರದೆ, ಕೀಲಿಗಳು, ಬ್ಯಾಟರಿ, ಬಿಸಿ, ಸದ್ದು. ಕೆಳಗೆ, ಖರೀದಿಗೆ ಯೋಗ್ಯವೇ? ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಸೊಸೆಯಲ್ಲಿ ಹುಳುಕು ಹುಡುಕುವ ಅತ್ತೆಯ ಹಾಗೆ ಅವರು ಆ ಯಂತ್ರದ ಬೆನ್ನು ಹತ್ತಿದರು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರು. ಕುಕ್ಕರಿನ ಅರ್ಧಕ್ಕೂ ಕಮ್ಮಿ. ಮುಂದಿನ ಅಂಚಿನಲ್ಲಿ ಮುಚ್ಚಳದ ಕೊಂಡಿ ಹುಡುಕುತ್ತಾ ಅವರ ಹೆಬ್ಬೆರಳು ಅತ್ತಿಂದಿತ್ತ ಓಡಾಡಿತು. ಕೊಂಡಿಯೇ ಇಲ್ಲ, ಒಂದು ಬೆರಳಿಗೆ ಮುಚ್ಚಳ ತೆರೆದುಕೊಂಡಿತು.

ಮಂಗಳವಾರ ಮನೆಯಲ್ಲಿ ರಂಪ. ಮಗಳು ಡಿಪ್ಲೊಮಾ ಓದುತ್ತಿದ್ದಾಳೆ, ಬಾಯಿ ಸ್ವಲ್ಪ ಜೋರು, ಯಾರ ಥರ ಅಂತ ಕೇಳಬೇಡಿ. ಅಪ್ಪನ ಅಪ್ಪಣೆ ಪಡೆದೇ ಆ ಲ್ಯಾಪ್‌ಟಾಪಿನಲ್ಲಿ ಪಾಠದ ಕೆಲಸ ಬರೆಯುತ್ತಿದ್ದಳು. ನೀರು ಕುಡಿಯಲು ಎದ್ದುಹೋದಾಗ ಪರದೆ ತಾನಾಗಿ ಕಪ್ಪಾಗಿದೆ. ಇವರು ಬಂದು ತಳಕ್ಕೆ ಕಿವಿ ಹಚ್ಚಿದರು. ಫ್ಯಾನಿಲ್ಲ, ಡಿಸ್ಕಿನ ಕಟಕಟ ಇಲ್ಲ, ಚಕಾರವಿಲ್ಲ. ಆಫ್ ಆಗಿದೆ ಅಂದುಕೊಂಡು, ಕೆಮ್ಮಪ್ಪನನ್ನು ಎಬ್ಬಿಸುವ ಹಳೇ ಅಭ್ಯಾಸದಂತೆ ಗುಂಡಿ ಒತ್ತಿಹಿಡಿದು ಒಂದರಿಂದ ಐದು ಎಣಿಸಿದರು. ಓಡುತ್ತಿದ್ದ ಯಂತ್ರ ಅಲ್ಲಿಗೆ ಆರಿಹೋಯಿತು, ಅವಳು ಬರೆದ ಮೂರು ಪುಟವೂ ಹೋಯಿತು.

"ಅಪ್ಪಾ! ಅದು ಆನ್ ಇತ್ತು!"

"ಆನ್ ಇದ್ರೆ ಸದ್ದು ಬೇಡ್ವಾ? ನಾನೇನು ಕನಸು ಕಾಣ್ಲಾ?"

"ಇದು ಸದ್ದು ಮಾಡಲ್ಲಪ್ಪಾ, ಇದರಲ್ಲಿ ಫ್ಯಾನೇ ಇಲ್ಲ!"

"ಒಳ್ಳೇ ಮೌನಗೌರಿ ಬಂತು ಮನೆಗೆ," ಅಂದೆ ನಾನು. ಯಾರೂ ನಗಲಿಲ್ಲ.

ಬುಧವಾರ ಅದನ್ನು ತಾರಸಿಯ ಬಿಸಿಲಿಗಿಟ್ಟು, ಹತ್ತು ಕೆಲಸ ಒಟ್ಟಿಗೆ ಹಚ್ಚಿದರು. ಬೆಚ್ಚಗಾಯಿತು ಅಷ್ಟೆ. ಗುರುವಾರ ಬಸ್ಸಿನಲ್ಲಿ ನಿಂತೇ ಟೈಪ್ ಮಾಡಿಕೊಂಡು ಹೋದರಂತೆ, ಕೀಲಿಗಳು ಬೆಣ್ಣೆ. ಬ್ಯಾಟರಿ ಮುಗಿಯಲಿ ಅಂತ ಕಾದು ಕಾದು ಇವರಿಗೇ ಸುಸ್ತಾಯಿತು. ಶುಕ್ರವಾರ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ತಳ ಬಿಚ್ಚಿದರು. ಕುಕ್ಕರಿಗೆ ಹದಿನೆಂಟು ಸ್ಕ್ರೂ, ಇದಕ್ಕೆ ಐದೇ ಐದು. ಒಳಗೆ ಎಲ್ಲವೂ ಒಂದೇ ಹಲಗೆಗೆ ಬೆಸೆದುಹೋಗಿತ್ತು. ತೆಗೆದು ಬೇರೆ ಹಾಕುವಂಥದ್ದು ಹೆಚ್ಚೇನೂ ಇರಲಿಲ್ಲ.

"ನನ್ನ ಕೈಗೆ ಅಂತ ಏನೂ ಇಟ್ಟಿಲ್ಲ ನೋಡು ಇದರಲ್ಲಿ," ಅಂದರು.

ಇಡೀ ವಾರ ಅವರು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದರು. ಕೂತರೆ ಏಳುವುದು, ಎದ್ದರೆ ಫ್ರಿಜ್ಜಿನ ಮುಂದೆ ನಿಲ್ಲುವುದು, ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು. ಚಹಾ ಆರಿ ತಣ್ಣಗಾಗುತ್ತಿತ್ತು. ಐದು ಸಾಲು ತುಂಬಿದ್ದರು, ಐದರಲ್ಲೂ ಹಳೆಯದಕ್ಕಿಂತ ಉತ್ತಮ ಅಂತಲೇ. ಸದ್ದಿನ ಸಾಲು ಮಾತ್ರ ಖಾಲಿ. ಅದು ಅವರ ಸಾಲು, ಅದಕ್ಕೆ ಕೊನೆಗೆ ಬಿಟ್ಟಿದ್ದರು ಅಂತ ಕಾಣುತ್ತದೆ. ನೋಡಿ ನೋಡಿ ನನಗೆ ತಲೆ ಕೆಟ್ಟುಹೋಯಿತು.

"ರೀ, ವಿಪರೀತ ಬಿಸಿಯಾಗುತ್ತೆ ಅಂತ ಬರೆದು ಬಿಸಾಕಿ. ಯಾರು ಮುಟ್ಟಿ ನೋಡ್ತಾರೆ?"

"ಸುಳ್ಳು ಬರೀಲಾ?"

"ಬರೀರಿ! ಜಗತ್ತೆಲ್ಲ ಬರೆಯುತ್ತೆ. ನಿಮ್ಮೊಬ್ಬರಿಗೇನು ಕಿರೀಟ?"

"ಆ ಇನ್ಸ್‌ಪೆಕ್ಟರುಗಳು ಆರಾರು ಮಹಡಿ ಕುಕ್ಕರು ಹೊತ್ಕೊಂಡು ಹತ್ತುತ್ತಾರೆ. ಅವರ ಭುಜ ನೋಡಿದೀಯಾ ನೀನು?" ಅಂತ ರೇಗಿದರು. ರೇಗುವವರಲ್ಲ ಅವರು. ನಾನೂ ಮುಖ ತಿರುಗಿಸಿಕೊಂಡು ಹೊಲಿಗೆ ಯಂತ್ರ ತುಳಿದೆ.

ಶನಿವಾರ ಬೆಳಗ್ಗೆ ಹತ್ತು ಗಂಟೆ ಇರಬೇಕು.

"ನಿನ್ನ ಮೆಷಿನ್ ನಿಲ್ಸು! ನಿಲ್ಸು ಬೇಗ!"

ಬೆಚ್ಚಿಬಿದ್ದು ಕಾಲು ತೆಗೆದೆ. ಅವರು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಒತ್ತಿಕೊಂಡಿದ್ದರು, ಕಣ್ಣು ಮುಚ್ಚಿತ್ತು, ತುಟಿಯಲ್ಲಿ ನಗು. ಎಷ್ಟು ದಿನವಾಗಿತ್ತೋ ಆ ನಗು ನೋಡಿ.

"ಇದೆ! ಸಣ್ಣಗೆ, ಶಿಳ್ಳೆ ಥರ. ಕ್ರೀ ಅಂತ ಒಂದೇ ಸಮ. ಬಾ, ನೀನೂ ಕೇಳು."

ಕಿವಿಯಿಟ್ಟೆ. ತಣ್ಣನೆಯ ತಗಡು. ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಬಿಟ್ಟು ಏನೂ ಇಲ್ಲ. ತಲೆ ಎತ್ತಿ ಅವರ ಮುಖ ನೋಡಿದೆ.

"ಹೌದ್ರೀ, ಕೇಳಿಸ್ತು," ಅಂದೆ.

ಮಗಳು ಕಿವಿಯಿಟ್ಟು, "ನಂಗೇನೂ ಕೇಳಿಸ್ತಿಲ್ಲ," ಅಂತ ಬಾಯಿ ತೆರೆದಳು. ನಾನು ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದೆ. ಅವರು ಆಗಲೇ ಫ್ರಿಜ್ಜಿನ ಮುಂದಿದ್ದರು. ಸದ್ದಿನ ಸಾಲಿನಲ್ಲಿ ದಪ್ಪಗೆ ಬರೆದರು: ಒಳಗಿನಿಂದ ಸತತ ಶಿಳ್ಳೆ ಸದ್ದು, ಬಿಡಿಭಾಗದ ದೋಷ ಇರಬಹುದು, ಸದ್ಯ ಖರೀದಿ ಬೇಡ. ನಿಜವಾದ ದೋಷ, ಸ್ವಂತ ಕಿವಿಯಿಂದ ಕೇಳಿದ್ದು. ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸಾಯಂಕಾಲ ಐಸ್‌ಕ್ರೀಮು ತಂದರು, ಮಗಳ ಜೊತೆ ಇಸ್ಪೀಟು ಆಡಿ ಸೋತರು, ಸೋತದ್ದಕ್ಕೂ ನಕ್ಕರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮತ್ತೆ ಅದನ್ನು ಕೈಗೆತ್ತಿಕೊಂಡರು. ಮ್ಯಾನೇಜರಮ್ಮ ಕೇಳಿದರೆ ಸದ್ದು ಯಾವ ಮೂಲೆಯದು ಅಂತ ಹೇಳಬೇಕಲ್ಲ. ಮುಚ್ಚಳ ಹಾಕಿಯೇ ಇತ್ತು. ಎಡಮೂಲೆಗೆ ಕಿವಿ ಒತ್ತಿದರು, ಬಲಮೂಲೆಗೆ ಒತ್ತಿದರು.

"ಎಲ್ಲಾ ಕಡೆ ಒಂದೇ ಸಮ ಇದೆಯಲ್ಲ," ಅಂತ ಗೊಣಗಿದರು. "ನಿನ್ನೆಗಿಂತ ಜೋರಾಗೇ ಇದೆ ಇವತ್ತು."

ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಅಪ್ಪಾ, ಅದು ಆಫ್ ಆಗಿದೆ. ನಿನ್ನೆಯಿಂದ ಚಾರ್ಜಿಗೇ ಹಾಕಿಲ್ಲ. ಬೆಳಗ್ಗೆ ನನ್ನ ಕೈಯಲ್ಲೇ ಪೂರ್ತಿ ಸತ್ತುಹೋಯ್ತು."

ಅವರು ಮುಚ್ಚಳ ತೆರೆದು ಗುಂಡಿ ಒತ್ತಿದರು. ಕಪ್ಪು. ಐದು ಎಣಿಸಿದರು. ಕಪ್ಪು. ಲ್ಯಾಪ್‌ಟಾಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕೋಣೆಯ ಆ ತುದಿಗೆ ಹೋಗಿ ನಿಂತರು. ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡರು.

"ಅಲ್ಲಿಲ್ಲ," ಅಂದರು. "ಇಲ್ಲಿದೆ."

ಆರೇಳು ಯಂತ್ರಗಳ ಗದ್ದಲದಲ್ಲಿ ದಿನವಿಡೀ, ಮನೆಗೆ ಬಂದರೆ ನನ್ನ ಹೊಲಿಗೆಯ ಗಡಗಡ. ಅವರ ಕಿವಿಯೊಳಗಿನ ಆ ಶಿಳ್ಳೆ ಯಾವಾಗಿಂದ ಇತ್ತೋ, ಅವರಿಗೇ ತಿಳಿದಿರಲಿಲ್ಲ. ಕಿವಿಯಿಟ್ಟು ಇಷ್ಟು ಹೊತ್ತು ಹುಡುಕಿದರೂ ಸದ್ದೇ ಮಾಡದ ಯಂತ್ರ ಅವರ ಜೀವನದಲ್ಲಿ ಇದೇ ಮೊದಲು. ನನಗೆ ಅಳು ಉಕ್ಕಿ ಬಂತು.

ಅವರು ನನ್ನ ಕಡೆ ತಿರುಗಿದರು. "ನಿನಗೆ ಕೇಳಿಸ್ತು ಅಂದ್ಯಲ್ಲ ನಿನ್ನೆ?"

ನಾನು ಊಟದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆ. ಅವರು ಬೈಯಲೂ ಇಲ್ಲ, ನನ್ನ ತಲೆ ಮೇಲೆ ಒಮ್ಮೆ ಕೈಯಿಟ್ಟು ಫ್ರಿಜ್ಜಿನ ಹತ್ತಿರ ಹೋದರು.

"ಬರೆದಿದ್ದು ಬರೆದಾಯ್ತು, ಬಿಡ್ರೀ. ನಿಮಗಂತೂ ಕೇಳಿಸ್ತು ತಾನೇ? ಸುಳ್ಳೇನಲ್ಲವಲ್ಲ!"

"ನಿನ್ನೆ ಸುಳ್ಳಾಗಿರ್ಲಿಲ್ಲ," ಅಂದರು.

ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಮೇಲೆ ಬರೆದರು: ಸದ್ದಿಲ್ಲ. ಕೆಳಗೆ, ಖರೀದಿಗೆ ಯೋಗ್ಯ. ಸಹಿ.

ನಲವತ್ತೆರಡೂ ಬಂದವು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಈಗ ಹಳೇ ಕುರ್ಚಿಗಳನ್ನು ಪೇರಿಸಿದ್ದಾರೆ. ಇವರಿಗೆ ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕ ಒಂದು ಮೇಜು ಕೊಟ್ಟಿದ್ದಾರೆ. ಯಾರದಾದರೂ ಕೆಟ್ಟರೆ ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಕಳಿಸುವ ಕೆಲಸ. ಕೆಡುವುದೇ ಅಪರೂಪ. ಆ ಮಹಡಿ ಬಹಳ ನಿಶ್ಶಬ್ದ ಅಂತ ಒಂದು ಸಲ ಹೇಳಿದರು, ಇನ್ನೊಮ್ಮೆ ಹೇಳಲಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಇದು ವಾಸಿಯಾಗುವಂಥದ್ದಲ್ಲ, ಸುತ್ತ ಏನಾದರೂ ಸಣ್ಣ ಸದ್ದಿದ್ದರೆ ಮರೆತುಹೋಗುತ್ತದೆ ಅಂದರು.

ಗುಜರಿಗೆ ಹೋಗುತ್ತಿದ್ದ ಕುಕ್ಕರುಗಳಲ್ಲಿ ಒಂದನ್ನು ಕೇಳಿ ಮನೆಗೆ ತಂದಿದ್ದಾರೆ. ಅದರಲ್ಲಿ ಯಾವ ಕೆಲಸವೂ ಮಾಡುವುದಿಲ್ಲ. ಸುಮ್ಮನೆ ಆನ್ ಮಾಡಿ, ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಪತ್ರಿಕೆ ಓದುತ್ತಾರೆ. ಮೊದಲ ದಿನ, ಈ ಶನಿಯ ಬಡಿದಾಟ ಮನೆಯಲ್ಲೂ ಕೇಳಬೇಕಾ ಅಂತ ಕೂಗಾಡಿದ್ದು ನಾನೇ.

ಈಗ ಆರು ಗಂಟೆಗೆ ಬೀದಿಯ ಗೇಟು ಕಿರ್ ಎಂದರೆ ಹೊಲಿಗೆ ಬಿಟ್ಟು ಏಳುತ್ತೇನೆ. ಅವರು ಬೂಟಿನ ಲಾಡಿ ಬಿಚ್ಚಿ ಒಳಗೆ ಬರುವಷ್ಟರಲ್ಲಿ, ಗುಂಡಿ ಒತ್ತಿ ಅದನ್ನು ಓಡಿಸಿಟ್ಟಿರುತ್ತೇನೆ.