ಮಹಿಳಾ ಸೀಟು

ನಮ್ಮ ಅತ್ತೆ ಐದು ವರ್ಷ ಸರಪಂಚರಾಗಿದ್ದರು. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಲ್ಲಿ ಆ ಸಲ ಸರಪಂಚ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಮಾವನವರು ಅತ್ತೆಯನ್ನು ನಿಲ್ಲಿಸಿದರು, ಓಡಾಡಿ ಗೆಲ್ಲಿಸಿದರು, ಆಮೇಲೆ ತಾವೇ ಹೋಗಿ ಕುರ್ಚಿಯಲ್ಲಿ ಕೂತರು. ಜನ ಅವರನ್ನೇ ಸರಪಂಚ ಸಾಹೇಬರು ಎನ್ನುತ್ತಿದ್ದರು. ಅತ್ತೆ ಪಂಚಾಯತಿ ಕಚೇರಿಗೆ ಹೋಗುತ್ತಿದ್ದದ್ದು ಝೆಂಡಾ ಏರಿಸುವ ದಿನ ಮಾತ್ರ. ಆವತ್ತೂ ಹಗ್ಗ ಮಾವನ ಕೈಯಲ್ಲೇ ಇರುತ್ತಿತ್ತು, ಅತ್ತೆ ತಲೆ ತುಂಬ ಸೆರಗು ಹೊದ್ದು ಪಕ್ಕದಲ್ಲಿ ನಿಂತಿರುತ್ತಿದ್ದರು. ಸಹಿ ಬೇಕಾದಾಗ ಕಾಗದ ಅಡುಗೆಮನೆಗೇ ಬರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನೆಲ್ಲ ನೋಡಿ ನಾನು ಮುಸಿಮುಸಿ ನಕ್ಕಿದ್ದೇನೆ. ಸೋಲಾಪುರದ ತವರಿಗೆ ಹೋದಾಗ ಅವ್ವನ ಮುಂದೆ ಮಾವನ ಹಾಗೆ ಮೀಸೆ ತಿರುವಿ ತೋರಿಸಿದ್ದೇನೆ. ನಗು, ನಗು, ನಿನ್ನ ಪಾಳಿಯೂ ಬರುತ್ತದೆ ಎಂದು ಆಗ ಯಾರೂ ಹೇಳಲಿಲ್ಲ.

ನಾನು ಸೋಲಾಪುರದಲ್ಲಿ ಬೆಳೆದವಳು. ಅಪ್ಪ ಗುಮಾಸ್ತ. ಕನ್ನಡ ಶಾಲೆ ಮುಗಿಸಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದೆ, ಒಂದಷ್ಟು ದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗರಿಗೆ ಕಲಿಸಿದೆ. ಮದುವೆಯ ಮಾತಿಗೆ ಬಂದಾಗ ಇವರ ಮನೆಯವರು 'ಶಿಕಲೇಲಿ ಹುಡುಗಿ ಬೇಕು', ಓದಿದವಳೇ ಆಗಬೇಕು ಎಂದು ಕೇಳಿಕೊಂಡು ಬಂದಿದ್ದರು. ಮದುವೆಯಾದ ಮೇಲೆ ಆ ಶಿಕ್ಷಣ ಮೇಲಿನ ಮಾಡಿಗೆ ಹೋಯಿತು. ಅತ್ತೆಯ ಐದು ವರ್ಷ ಮುಗಿದ ಮೇಲೆ ನಾವೆಲ್ಲ ಹಳ್ಳಿ ಬಿಟ್ಟು ಅಕ್ಕಲಕೋಟ ಊರಿಗೇ ಬಂದೆವು. ಗಂಡ ಸಾಲ ಕೊಡುವ ಒಂದು ಪತಸಂಸ್ಥೆಯಲ್ಲಿ ಕಾರಕೂನ. ಮೈದುನ ಇಂಜಿನಿಯರಿಂಗ್ ಮುಗಿಸಿ ನೌಕರಿ ಹುಡುಕುತ್ತ ಮನೆಯಲ್ಲೇ ಇದ್ದ.

ಆಗ ನನ್ನ ಕಾಲೇಜಿನ ಗೆಳತಿಯೊಬ್ಬಳು ಫೋನ್ ಮಾಡಿ ಒಂದು ವಿಷಯ ಹೇಳಿದಳು. ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲದ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ತಂತ್ರಾಂಶಗಳಿವೆ, ಅದಕ್ಕೆ ಓಪನ್ ಸೋರ್ಸ್ ಅನ್ನುತ್ತಾರೆ. ಅದನ್ನು ಕಟ್ಟುವವರಲ್ಲಿ ಹೆಂಗಸರು ತೀರ ಕಡಿಮೆ. ಅದಕ್ಕೇ ಒಂದು ಸಂಸ್ಥೆ ಹೊಸ ಹೆಂಗಸರನ್ನು ಆರಿಸಿ, ಮೂರು ತಿಂಗಳು ಸಂಬಳ ಕೊಟ್ಟು, ಒಬ್ಬ ಮಾರ್ಗದರ್ಶಕಿಯ ಕೈಕೆಳಗೆ ಕೆಲಸ ಕಲಿಸುತ್ತದೆ. ಮನೆಯಲ್ಲೇ ಕೂತು ಮಾಡಬಹುದು. ಆದರೆ ಮೊದಲು ಏನಾದರೂ ಮಾಡಿ ತೋರಿಸಬೇಕು.

ನಾನು ಅಪ್ಪ ಕೊಡಿಸಿದ್ದ ಹಳೆಯ ಲ್ಯಾಪ್‌ಟಾಪನ್ನು ಒರೆಸಿ ಕೂತೆ. ಗ್ರಂಥಾಲಯಗಳು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕಕ್ಕೆ ಬಳಸುವ ಒಂದು ತಂತ್ರಾಂಶ ಆರಿಸಿಕೊಂಡೆ. ಅದರಲ್ಲೊಂದು ತಪ್ಪಿತ್ತು. ತಡವಾಗಿ ತಂದ ಪುಸ್ತಕಕ್ಕೆ ದಂಡ ಹಾಕುವಾಗ, ಗ್ರಂಥಾಲಯವೇ ಮುಚ್ಚಿದ್ದ ದಿನಗಳಿಗೂ ಹಾಕುತ್ತಿತ್ತು. ಅಲ್ಲ, ಬೀಗ ನೀವು ಹಾಕಿಕೊಂಡು ಹೋದರೆ ಓದುವವಳು ಪುಸ್ತಕ ಎಲ್ಲಿ ತಂದು ಕೊಡಬೇಕು? ಸಣ್ಣವಳಿದ್ದಾಗ ಸೋಲಾಪುರದಲ್ಲಿ ದೀಪಾವಳಿ ಸೂಟಿಯಲ್ಲಿ ವಾಚನಾಲಯದ ಬಾಗಿಲಿಗೆ ಹೋಗಿ ಪುಸ್ತಕ ಹಿಡಿದುಕೊಂಡು ವಾಪಸು ಬಂದವಳು ನಾನು. ನನಗೆ ಆ ತಪ್ಪು ಚುಚ್ಚಿತು. ಮಧ್ಯಾಹ್ನ ಎಲ್ಲ ಮಲಗಿದಾಗ ಕೂತು ಕೂತು ತಿದ್ದಿದೆ. ಆ ತಂತ್ರಾಂಶ ಕಟ್ಟುವವರು ಒಪ್ಪಿಕೊಂಡರು. ಜಗತ್ತಿನಲ್ಲಿ ಎಲ್ಲೆಲ್ಲೋ ಇರುವ ಗ್ರಂಥಾಲಯಗಳಲ್ಲಿ ನಾನು ಬರೆದ ಸಾಲುಗಳು ನಡೆಯತೊಡಗಿದವು, ಬದಿಗೆ ನನ್ನ ಹೆಸರು. ಆವತ್ತು ಸಂತೋಷಕ್ಕೆ ನನ್ನ ಕೈಕಾಲು ನಿಲ್ಲಲಿಲ್ಲ. ಕೆಲವು ದಿನಗಳ ಮೇಲೆ, ಆಯ್ಕೆಯಾದೆ ಎಂಬ ಪತ್ರವೂ ಬಂತು.

ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. "ಇದು ಹೆಣ್ಣಮಕ್ಕಳಿಗಂತನ ಇಟ್ಟದ್ದರಿ ಮಾವಾರ, ನನ್ನ ಆರಿಸ್ಯಾರ," ಎಂದೆ.

ಮಾವನವರು ತುತ್ತು ನಿಲ್ಲಿಸಿ ಯೋಚಿಸಿದರು. "ಅಂದ್ರ ಮಹಿಳಾ ಸೀಟ ಅನ್ನು," ಎಂದರು. ಗಂಡನೂ ಮೈದುನನೂ ತಲೆಯಾಡಿಸಿದರು. ಎಲ್ಲರಿಗೂ ಪೂರ್ತಿ ಅರ್ಥವಾಗಿಬಿಟ್ಟಿತು! ಮಹಿಳಾ ಸೀಟು ಅಂದರೆ ಏನು, ಅದನ್ನು ಹೇಗೆ ನಡೆಸಬೇಕು ಎಂಬುದು ಆ ಮನೆಗೆ ಹೊಸದೇ?

"ಹೆಸರು ಸೊಸಿದು ಇರ್ಲಿ. ಕಾರಭಾರ ಸಣ್ಣಾಂವ ನೋಡ್ಲಿ. ಅಂವಾ ಹೆಂಗೂ ಖಾಲಿ ಅದಾನ, ಇಂಜಿನಿಯರ್ ಅದಾನ," ಎಂದರು ಮಾವನವರು.

"ಹಂಗ ನಡಿಯೂದಿಲ್ಲರಿ, ಕೆಲಸ ನಾನ ಮಾಡ್ಬೇಕು," ಎಂದೆ.

"ಕೆಲಸ ನೀನ ಮಾಡು, ಬ್ಯಾಡ ಅಂದವರ್ಯಾರು? ಮಂದಿ ಸಂಗತೀ ಮಾತು, ಮೀಟಿಂಗು, ಪತ್ರಾಪತ್ರಿ, ಅದೆಲ್ಲಾ ಗಂಡಸರು ನೋಡೂದು."

ಮರುದಿನ ಲ್ಯಾಪ್‌ಟಾಪು ಹೊರಕೋಣೆಗೆ ಹೋಯಿತು. ಪಾಸ್‌ವರ್ಡ್ ಗಂಡ ಕೇಳಿ ಇಸಿದುಕೊಂಡರು, ಸಂಜೆಯೊಳಗೆ ಮೈದುನ ಅದನ್ನು ಬದಲಾಯಿಸಿಬಿಟ್ಟ. 'ಸೇಫ್ಟಿ ಸಲುವಾಗಿ ವೈನಿ' ಅಂತೆ. ನನ್ನ ಮಾರ್ಗದರ್ಶಕಿ ಪರದೇಶದ ವಯಸ್ಸಾದ ಹೆಂಗಸು, ಬೆಳ್ಳನೆಯ ಕೂದಲು. ಅವಳಿಗೆ ಇವನು ನನ್ನ ಹೆಸರಿನಲ್ಲಿ 'ಡಿಯರ್ ಸರ್' ಎಂದು ಬರೆಯುತ್ತಿದ್ದ. ಕೆಲಸದ ಪ್ರಶ್ನೆ ಬಂದರೆ ಮಾತ್ರ ಲ್ಯಾಪ್‌ಟಾಪು ಎತ್ತಿಕೊಂಡು ಅಡುಗೆಮನೆಗೆ ಬರುತ್ತಿದ್ದ. "ವೈನಿ, ಇದೇನೋ ಕೇಳ್ಯಾರ ನೋಡ್ರಿ." ನಾನು ರೊಟ್ಟಿ ಬಡಿಯುತ್ತ ಹೇಳಬೇಕು, ಅವನು ಪಕ್ಕದಲ್ಲಿ ಕೂತು ಕೀಲಿಮಣೆ ಬಡಿಯಬೇಕು. ಯಾಕೆ ಹಾಗೆ, ಯಾಕೆ ಹೀಗೆ ಎಂದು ಕೇಳುತ್ತಿದ್ದ. ಬಿಡಿಸಿ ಹೇಳದಿದ್ದರೆ ತಪ್ಪು ಬಡಿದು ಕಳಿಸುತ್ತಿದ್ದ, ಅದಕ್ಕೇ ಎಲ್ಲ ಬಿಡಿಸಿ ಹೇಳುತ್ತಿದ್ದೆ. ಅವನು ದಡ್ಡನಲ್ಲ. ನೋಡಿ ನೋಡಿ ಕಲಿತ.

ವಾರಕ್ಕೊಮ್ಮೆ ವಿಡಿಯೋದಲ್ಲಿ ಮಾತು. ಆಗ ಮಾತ್ರ ನನ್ನ ಮುಖ ಬೇಕಲ್ಲ! ನನ್ನನ್ನು ಮುಂದೆ ಕೂರಿಸಿ, ಕಾಣದ ಹಾಗೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಇವನು ಕೂರುತ್ತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಧ್ವನಿ ಬಂದ್ ಮಾಡಿ, "ಹಿಂಗ ಹೇಳ್ರಿ" ಎನ್ನುತ್ತಿದ್ದ. ಆ ಹೆಂಗಸು ಒಮ್ಮೆ, ನೀನು ಯಾಕೆ ಪದೇ ಪದೇ ಆ ಕಡೆ ನೋಡುತ್ತೀ ಎಂದು ಕೇಳಿದಳು. ಗ್ಯಾಸಿನ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿರಿ ಎಂದ ಮೈದುನ. ಹೇಳಿದೆ.

ಜಗಳ ಆಡಲಿಲ್ಲವೇ ಎಂದು ನೀವು ಕೇಳಬಹುದು. ಆಡಿದೆ, ಓಣಿ ಕೇಳುವ ಹಾಗೆ ಆಡಿದೆ. ಗಂಡ ಚಪ್ಪಲಿ ಮೆಟ್ಟಿಕೊಳ್ಳುತ್ತ, "ನಾಕು ಮಂದ್ಯಾಗ ಮಾತಾಡೂದು ಅವಂಗ ರೂಢಿ ಆಗ್ಲಿ ಬಿಡ. ನಿನ್ನ ಹೆಸರೇನು ಓಡಿ ಹೋಗ್ತದೇನು?" ಎಂದು ಡ್ಯೂಟಿಗೆ ಹೋದರು. ಅವ್ವನಿಗೆ ಫೋನ್ ಮಾಡಿದರೆ, "ಮೂರ ತಿಂಗಳ ತಡಕೋ ಯವ್ವಾ, ಮನಿ ಮುರ್ಕೋಬ್ಯಾಡ," ಎಂದಳು. ಅತ್ತೆ ಮೆಂತ್ಯಪಲ್ಲೆ ಬಿಡಿಸುತ್ತ ಕೂತಿದ್ದರು.

ನಮ್ಮ ತಂಡದಲ್ಲಿ ನನ್ನ ಜೊತೆಗೇ ಆಯ್ಕೆಯಾದ ಇನ್ನೊಬ್ಬಳಿದ್ದಳು. ಯಾವುದೋ ದೂರದ ದೇಶದವಳು, ಕಂಕುಳಲ್ಲಿ ಸಣ್ಣ ಮಗು. ಲ್ಯಾಪ್‌ಟಾಪು ನನ್ನ ಕೈಯಲ್ಲಿದ್ದ ಮೊದಲ ದಿನವೇ, ನೀನೂ ನನ್ನ ಹಾಗೆ ಹೊಸಬಳು ಎಂದು ತಿಳಿದು ಧೈರ್ಯ ಬಂತು ಎಂದು ಬರೆದಿದ್ದಳು. ಅವಳು ಕೆಲಸಕ್ಕೆ ಹೆದರುತ್ತಿದ್ದಳು. ಸಣ್ಣ ಸಣ್ಣದನ್ನೂ ಎಲ್ಲರೂ ಓದುವ ಜಾಗದಲ್ಲಿ ಕೇಳುತ್ತಿದ್ದಳು. ಒಂದು ದಿನ ಅವಳ ಪ್ರಶ್ನೆಗೆ ನನ್ನ ಹೆಸರಿನಿಂದ ಉತ್ತರ ಹೋಯಿತು. ಇಷ್ಟೂ ತಿಳಿಯದವರು ಮನೆಯಲ್ಲಿ ಮಗು ಆಡಿಸಿಕೊಂಡಿರಬೇಕು, ಇಲ್ಲಿ ಬಂದು ಎಲ್ಲರ ವೇಳೆ ಹಾಳು ಮಾಡಬಾರದು ಎಂದು. ನಾನು ಅದನ್ನು ನೋಡಿದ್ದು ಎರಡು ದಿನದ ಮೇಲೆ, ಮೈದುನ ಎಲ್ಲ ತೆರೆದಿಟ್ಟು ಚಹಾದಂಗಡಿಗೆ ಹೋದಾಗ. ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. ಅವನು ಬಂದ ಕೂಡಲೇ ಕೈಯಲ್ಲಿದ್ದ ಸಟ್ಟುಗ ಅವನ ಕಾಲ ಬುಡಕ್ಕೆ ಎಸೆದೆ.

ಅವನು ನಕ್ಕ. "ಲೀಡರ್ ಅಂದ್ರ ಹಂಗ ಮಾತಾಡ್ಬೇಕು ವೈನಿ. ಇಲ್ಲಂದ್ರ ಮಂದಿ ತಲಿ ಮ್ಯಾಲ ಕುಂಡ್ರತಾರ."

ಆ ಹುಡುಗಿ ಅಷ್ಟರಲ್ಲಿ ಬಿಟ್ಟು ಹೋಗಿದ್ದಳು.

ಮಾರ್ಗದರ್ಶಕಿಯಿಂದ ಪತ್ರ ಬಂತು. ಈ ಖಾತೆಯನ್ನು ಇಬ್ಬರು ಬಳಸುತ್ತಿರುವಂತೆ ಕಾಣುತ್ತದೆ, ನಿನ್ನೊಬ್ಬಳ ಜೊತೆ ಮಾತಾಡಬೇಕು ಎಂದು. ಮನೆಯಲ್ಲಿ ಗಾಬರಿಯಾಯಿತು. ನಾನು ಅದೇ ಸಮಯ ನೋಡಿ, ಮಾತಾಡಲು ತವರಿನಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಎಂದು ಸೋಲಾಪುರಕ್ಕೆ ಹೊರಟೆ. ಮಾವನವರು ಕಾವಲಿಗೆ ಮೈದುನನನ್ನೂ ಎಸ್‌ಟಿ ಬಸ್ಸು ಹತ್ತಿಸಿದರು. ದಾರಿಯುದ್ದಕ್ಕೂ ಅವನು ನನಗೆ ಏನೇನು ಹೇಳಬೇಕು ಎಂದು ಪಾಠ ಮಾಡಿದ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ತವರಿಗೆ ಬಂದ ಮೇಲೆ ಅವ್ವ ಅವನನ್ನು ಪಡಸಾಲೆಯಲ್ಲಿ ಕೂರಿಸಿ ತಿನ್ನಲು ಚುರುಮುರಿ ಸುಶೀಲಾ ಕೊಟ್ಟಳು. ಅವನಿಂದಲೇ ಪಾಸ್‌ವರ್ಡ್ ಹಾಕಿಸಿಕೊಂಡು ನಾನು ಒಳಗೆ ಹೋಗಿ ಲ್ಯಾಪ್‌ಟಾಪು ತೆರೆದೆ. ಅವನು ತಟ್ಟೆ ಬಿಟ್ಟು ಏಳುತ್ತಿದ್ದ ಹಾಗೇ ಅವ್ವ ಒಳಗೆ ಬಂದು ಬಾಗಿಲು ಹಾಕಿ ಅಗಳಿ ಜಡಿದಳು. ತಡಕೋ ಎಂದಿದ್ದ ನಮ್ಮ ಅವ್ವ! "ವೈನಿ, ನಾ ಬ್ಯಾಡೇನು? ಬಾಗಲಾ ತಗೀರಿ," ಎಂದು ಅವನು ಬಡಿಯುತ್ತಿದ್ದ. ಆ ಸದ್ದು ಪರದೆಯ ಮೇಲಿದ್ದ ಮಾರ್ಗದರ್ಶಕಿಗೂ ಕೇಳಿಸಿತು. ನಾನು ಎಲ್ಲ ಹೇಳಿಬಿಟ್ಟೆ. ಬರಹ ಅವನದು, ಕೆಲಸ ನನ್ನದು, ಬೇಕಾದರೆ ಈಗಲೇ ಏನಾದರೂ ಕೊಡಿ ಎಂದೆ. ಕೊಟ್ಟಳು. ಅವಳು ನೋಡುತ್ತಿದ್ದ ಹಾಗೇ ಮಾಡಿ ತೋರಿಸಿದೆ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಗೆದ್ದೆ ಅಂದುಕೊಂಡೆ. ಆ ರಾತ್ರಿ ಅವ್ವನ ಮಗ್ಗುಲಲ್ಲಿ ಕಣ್ತುಂಬ ನಿದ್ದೆ ಮಾಡಿದೆ.

ಆದರೆ ತೀರ್ಮಾನ ಮಾರ್ಗದರ್ಶಕಿಯೊಬ್ಬಳದಲ್ಲ, ಒಂದು ಸಮಿತಿಯದು. ಅವರ ಪತ್ರ ಎಷ್ಟು ಮೃದುವಾಗಿತ್ತೆಂದರೆ ಹರಿದು ಹಾಕಲೂ ಬರುವಂತಿರಲಿಲ್ಲ. ನಿನ್ನ ಮಾತನ್ನು ನಂಬುತ್ತೇವೆ. ಆದರೆ ಖಾತೆ ಬೇರೆಯವರ ಕೈಗೆ ಹೋದದ್ದು ನಿಯಮಕ್ಕೆ ವಿರುದ್ಧ, ಒಬ್ಬಳು ನೊಂದು ಬಿಟ್ಟು ಹೋಗಿದ್ದಾಳೆ, ಇಲ್ಲಿಗೆ ನಿಲ್ಲಿಸುತ್ತಿದ್ದೇವೆ. ನಿಜವಾದ ಕಾರಣ ಬಹಿರಂಗವಾಗಿ ಹೇಳಿದರೆ ನಿನಗೆ ಮನೆಯಲ್ಲಿ ತೊಂದರೆಯಾದೀತು, ಅದಕ್ಕೆ ನಾವು ಏನೂ ಹೇಳುವುದಿಲ್ಲ. ನನ್ನ ಒಳ್ಳೆಯದಕ್ಕಂತೆ! ಮತ್ತೆ ಅರ್ಜಿ ಹಾಕಲೂ ಬರುವುದಿಲ್ಲ, ಅದು ಹೊಸಬರಿಗೆ ಮಾತ್ರ, ನಾನು ಈಗ ಹಳಬಳು. ಅವರು ಹೇಳಿದ ಒಂದು ಮಾತೂ ಸುಳ್ಳಲ್ಲ ಎಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮನೆಯಲ್ಲಿ ಯಾರಿಗೂ ದೊಡ್ಡ ದುಃಖವೇನೂ ಆಗಲಿಲ್ಲ. "ಮಹಿಳಾ ಸೀಟ ಕಾಯಮ್ ಇರ್ತದೇನು? ಮುದತ್ ಮುಗೀತು," ಎಂದರು ಮಾವನವರು. ಮುಂದಿನ ವರ್ಷ ಮೈದುನನಿಗೆ ಪುಣೆಯಲ್ಲಿ ನೌಕರಿಯಾಯಿತು. ಸಂದರ್ಶನದಲ್ಲಿ ಇಲ್ಲಿಯವರೆಗೆ ಏನು ಮಾಡಿದ್ದೀ ಎಂದು ಕೇಳಿದರಂತೆ. ವೈನಿಯ ಹೆಸರಿನಲ್ಲಿ ಕೆಲಸ ಮಾಡಿದ್ದೇನೆ ಎಂದು ನಾನು ಮಾಡಿದ್ದ ಆ ದಂಡದ ತಿದ್ದುಪಡಿಯನ್ನೇ ತೆರೆದು ತೋರಿಸಿ, ರಜೆಯ ದಿನ ಹೇಗೆ ಬಿಡಬೇಕು ಎಂದು ಚೆನ್ನಾಗಿ ವಿವರಿಸಿದನಂತೆ. ವಿವರಿಸದೇ ಏನು ಮಾಡ್ಯಾನು, ರೊಟ್ಟಿಹಿಟ್ಟಿನ ಕೈಯಲ್ಲಿ ನಾನೇ ಬಿಡಿಸಿ ಹೇಳಿದ್ದೆನಲ್ಲ! ಪೇಢೆ ತಂದು ನನ್ನ ಕಾಲಿಗೆ ಬಿದ್ದ. "ನಿಮ್ಮ ಆಶೀರ್ವಾದ ವೈನಿ," ಎಂದ. ಅವನು ಅದನ್ನು ಮನಸಾರೆ ಅಂದ. ಆ ಪೇಢೆಯನ್ನು ಹಿತ್ತಲಿಗೆ ಹೋಗಿ ಉಗುಳಿದೆ.

ಅತ್ತೆ ಅದನ್ನು ನೋಡಿದರು. ಬಂದು ಚೊಂಬಿನಿಂದ ನೀರು ಹಾಕಿದರು, ಬಾಯಿ ಮುಕ್ಕಳಿಸಿದೆ. ಸಿಟ್ಟಿನಲ್ಲೇ ಕೇಳಿದೆ, "ಐದು ವರ್ಷ ನಿಮಗೇನೂ ಅನಸಲಿಲ್ಲೇನ್ರಿ ಅತ್ತೀ?"

ಅವರು ಚೊಂಬು ಕೆಳಗಿಟ್ಟರು. "ಒಂದ ಒಂದು ಕೇಳಿದ್ದೆ ತಂಗಿ. ಆ ಕಡೀ ಕೇರಿ ಹೆಣ್ಣಮಕ್ಕಳು ದೂರದಿಂದ ನೀರು ಹೊರತಾರ, ಒಂದು ನಳ ಅಲ್ಲಿ ಹಾಕಸ್ರಿ ಅಂತ. ನಿಮ್ಮ ಮಾವ ಹೂಂ ಅಂದ್ರು. ಹಾಕ್ಸಿದ್ದು ಎಲ್ಲಿ? ತಮ್ಮ ದೋಸ್ತನ ಮನಿ ಮುಂದ. ಪಂಚಾಯತಿ ಫಲಕದ ಮ್ಯಾಲ ನನ್ನ ಹೆಸರ ಐತಿ. ಊರಿಗೆ ಹೋದಾಗ ಆ ಹೆಣ್ಣಮಕ್ಕಳು ಇವತ್ತಿಗೂ ನನಗ ಬೈತಾರ, ನಿಮ್ಮ ಮಾವಗಲ್ಲ."

"ನೀವು ಹೇಳಬೇಕಿಲ್ಲೇನ್ರಿ ಅವರಿಗೆ, ನಾ ಅಲ್ಲ ಅಂತ?"

"ಹೇಳಿದ್ರ ಕೇಳಾವರ್ಯಾರು? ಕುರ್ಚಿ ನಂದಿತ್ತಲ್ಲ," ಎಂದರು.

ಮರುದಿನ ನಾನು ಹಟ ಹಿಡಿದು ಕೂತೆ. ಆ ಹುಡುಗಿಯ ವಿಳಾಸ ಅವಳ ಹಳೆಯ ಪತ್ರದಲ್ಲಿತ್ತು. ಉದ್ದಕ್ಕೆ ಬರೆದೆ. ಮಾವ, ಅತ್ತೆಯ ಸರಪಂಚಗಿರಿ, ಹೊರಕೋಣೆ, ಸ್ಟೂಲು, ಬಾಗಿಲು ಬಡಿದದ್ದು, ಏನೂ ಬಿಡಲಿಲ್ಲ. ಆ ಮಾತು ನನ್ನದಲ್ಲ, ನಿನ್ನ ಪ್ರಶ್ನೆಗಳು ಒಳ್ಳೆಯವಿದ್ದವು, ವಾಪಸು ಬಾ ಎಂದು ಬರೆದೆ. ಮೈದುನ ಬರೆದ ಆ ಉತ್ತರ ಎಲ್ಲರೂ ಓದುವ ಆ ಜಾಗದಲ್ಲಿ ಇವತ್ತಿಗೂ ಇದೆ, ಯಾರು ಬೇಕಾದರೂ ಓದಬಹುದು, ಬದಿಗೆ ನನ್ನ ಹೆಸರು.

ಬಹಳ ದಿನದ ಮೇಲೆ ಅವಳಿಂದ ಎರಡು ಸಾಲು ಬಂತು. ಸಿಟ್ಟಿರಲಿಲ್ಲ. ಪರವಾಗಿಲ್ಲ, ನೀವು ಅವತ್ತು ಹೇಳಿದ್ದು ಸರಿಯಾಗಿಯೇ ಇತ್ತು, ನನ್ನಿಂದ ಅದು ಆಗುವ ಕೆಲಸವಾಗಿರಲಿಲ್ಲ ಎಂದು ಬರೆದಿದ್ದಳು. ಮಗು ಈಗ ನಡೆಯುತ್ತದೆಯಂತೆ.